ಮೂಟೆ ತುಂಬಿದ ಮೇಲೆ ಹೊಡೆಯುವ ಗಂಟೆ

ನಮ್ಮ ಸೋದರಮಾವನಷ್ಟು ಬುದ್ಧಿವಂತ ಇಡೀ ಕೋಣನಕುಂಟೆಯಲ್ಲೇ ಇಲ್ಲ. ಹಾಗಂತ ಅವನೇ ಹೇಳಿದ್ದು! ರಾಗಿ ಹೊಲ ಹೋಗಿ ಬಾಡಿಗೆ ಮನೆಗಳೆದ್ದ ಮೇಲೆ ಅವನಿಗೆ ಹೊತ್ತು ಹೋಗಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ ಪ್ರೋಗ್ರಾಂ ಬರೆಯಲು ಕಲಿತ. ಅದೇ ಕೆಲಸದಿಂದ ಹೊಟ್ಟೆ ಹೊರೆಯುವ ನನ್ನ ನೆಮ್ಮದಿಗೆ ಅಂದೇ ಕಲ್ಲು ಬಿತ್ತು.

ಮಹಡಿಯಲ್ಲಿ ಮಲಗಿರುವ ನಮ್ಮ ಅಜ್ಜಿಗೆ, ಅಂದರೆ ಅವನ ತಾಯಿಗೆ, ಓಡಾಡಲಾಗದು. ಕೂಗಿದರೆ ಕೆಳಗೆ ಅವನ ಸಿಮೆಂಟ್ ಅಂಗಡಿಗೆ ಕೇಳಿಸದು. ಒಂದು ಕಾಲಿಂಗ್ ಬೆಲ್ ಹಾಕಿಸಿದ್ದರೆ ಮುಗಿಯುತ್ತಿತ್ತಲ್ಲವೇ?

"ಅದು ಸುಮ್ನೆ ಬಡ್ಕೊಳ್ಳತ್ತೆ ಕಣೋ. ನಂದು ಏನ್ ಬೇಕು ಅಂತಾನೂ ಹೇಳತ್ತೆ!" ಎಂದು ಮಾವ ತಾನೇ ಒಂದು ಕಟ್ಟಿದ.

ಮಂಚದ ಪಕ್ಕ ಮೂರು ಗುಂಡಿ: ನೀರು, ಮಾತ್ರೆ, ಬಚ್ಚಲು. ಅವನ್ನು ಕಾಯುವುದು ಚೈಲ್ಡ್ ಪ್ರೋಸೆಸ್ ಎಂಬ ಮರಿ ಪ್ರೋಗ್ರಾಂ. ಅದು ಪೇರೆಂಟ್ ಪ್ರೋಸೆಸ್ ಎಂಬ ದೊಡ್ಡದಕ್ಕೆ ಸುದ್ದಿ ಮುಟ್ಟಿಸಬೇಕು, ದೊಡ್ಡದು ಅಂಗಡಿಯಲ್ಲಿ ಗಂಟೆ ಹೊಡೆಯಬೇಕು. ಸಾಲದ್ದಕ್ಕೆ ಮರಿ ನಿಮಿಷಕ್ಕೊಮ್ಮೆ 'ಎಲ್ಲ ಕ್ಷೇಮ' ಎಂದೂ ವರದಿ ಒಪ್ಪಿಸುತ್ತದೆ!

ಏನು ಕ್ಷೇಮವೋ, ಮಣ್ಣು! ಮೊನ್ನೆ ಅಜ್ಜಿ ಗುಂಡಿ ಒತ್ತೀ ಒತ್ತೀ, ಯಾರೂ ಬಾರದೆ, ತಾನೇ ಮಂಚ ಇಳಿಯಲು ಹೋಗಿ ಬಿದ್ದಳು. ಹಣೆ ನಿಂಬೆಹಣ್ಣಿನ ಗಾತ್ರ ಊದಿತು. ಗಂಟೆ ಹೊಡೆದದ್ದು ಮುಕ್ಕಾಲು ತಾಸಿನ ಮೇಲೆ.

ಸುದ್ದಿ ಕೇಳಿ ಜೆ.ಪಿ. ನಗರದಿಂದ ಕೆಂಡವಾಗಿ ಓಡಿದೆ. ಕಂಪ್ಯೂಟರ್ ತೆರೆದು ನೋಡಿದರೆ, ದೊಡ್ಡದರ ತಪ್ಪೇನಿಲ್ಲ. ಅದು ನಾನ್-ಬ್ಲಾಕಿಂಗ್, ಕಾಯುತ್ತಾ ಕೂರದೆ ಕ್ಷಣಕ್ಕೊಮ್ಮೆ ಇಣುಕಿ ತನ್ನ ಕೆಲಸಕ್ಕೆ ಹೋಗುತ್ತದೆ. ಪಾಪಿಯೆಂದರೆ ಮರಿ! ಅಜ್ಜಿಯ ಕರೆಯನ್ನೂ ತನ್ನ 'ಎಲ್ಲ ಕ್ಷೇಮ'ಗಳನ್ನೂ ಬಫರ್ ಎಂಬ ಚೀಲಕ್ಕೆ ತುರುಕಿ, ಚೀಲ ತುಂಬಿದ ಮೇಲಷ್ಟೇ ಕಳಿಸುತ್ತಿದೆ.

"ಆಗಿಂದಾಗ್ಲೇ ಕಳ್ಸು ಅಂತ ಒಂದು ಸಾಲು ಹಾಕಿಲ್ವಲ್ಲ ಮಾವ!"

"ಬೇಕಂತ್ಲೇ ತೆಗ್ದೆ. ಸೇರು ರಾಗಿಗೆಲ್ಲ ಒಂದೊಂದು ಗಾಡಿ ಕಟ್ತಾರೇನೋ? ಮೂಟೆ ತುಂಬ್ಲಿ, ಆಮೇಲೆ ಹೊಡಿ ಗಾಡಿ!"

ಮೈಯೆಲ್ಲ ಉರಿದುಹೋಯಿತು. "ಅಜ್ಜಿ ತಲೆ ಒಡ್ಕೊಂಡ್ರೂ ನಿನ್ ಮೂಟೆ ತುಂಬ್ಲೇಬೇಕಾ?" ಎಂದು ಕಿರುಚಿದೆ. ಅಂಗಡಿಗೆ ಬಂದಿದ್ದ ಗಿರಾಕಿ ಹಾಗೇ ವಾಪಸ್ ಹೋದ. ನಾನು ಆ ಸಾಲು ಬರೆದು ಪ್ರೋಗ್ರಾಂ ಮತ್ತೆ ಓಡಿಸಿದೆ.

ಸ್ವಲ್ಪ ಹೊತ್ತಿಗೇ ಗಂಟೆ! ಪರದೆಯ ಮೇಲೆ 'ನೀರು'. ಮಾವ ಚೊಂಬು ಹಿಡಿದು ಮೆಟ್ಟಿಲು ಹತ್ತಿದ, ನಾನು ಬೈಯುತ್ತಲೇ ಹಿಂದೆ ಹೋದೆ. ನೋಡಿದರೆ ಅಜ್ಜಿಯ ಪಕ್ಕದಲ್ಲಿ ಆಗಲೇ ತುಂಬಿದ ಚೊಂಬಿದೆ.

"ನೀರು ಇಲ್ಲೇ ಐತಲ್ಲವ್ವ?"

"ನೀರು ಯಾರಿಗ್ ಬೇಕಿತ್ತೋ? 'ಬಂದು ಒಂದ್ ಗಳಿಗೆ ಕೂತ್ಕೋ' ಅನ್ನೋ ಗುಂಡಿ ನೀ ಮಡಗೇ ಇಲ್ವಲ್ಲ."

ಮಾವ ಮಂಚದ ತುದಿಯಲ್ಲಿ ಕುಳಿತ. ಅವಳ ಹಣೆಯ ಬಾವು ಮುಟ್ಟಿ, "ಮೊನ್ನೇನೂ ಅದಕ್ಕೇ ಒತ್ತಿದ್ಯಾ?" ಎಂದ.

"ಹೂಂ ಕಣಪ್ಪ. ನೀ ಬರ್ಲಿಲ್ಲ, ನಾನೇ ನಿನ್ನ ನೋಡ್ಕೊಂಡ್ ಬರೋಣಾಂತ ಎದ್ದೆ."