ಪರಂಪರೆಗೆ ಒಪ್ಪಿಸಿದ ಬಾಲ್ಕನಿ

ಹಿರಿಯರು ಕಟ್ಟಿದ್ದನ್ನು ಕಾಪಾಡಿಕೊಳ್ಳಲಾರದ ನಗರ ನಗರವೇ ಅಲ್ಲ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಒಂದು ಭಾನುವಾರ ಬೆಳಿಗ್ಗೆ, ಕೆಳಗಿನ ಹೋಟೆಲಿನ ವಾಸು ಶೆಟ್ಟರು ನನ್ನ ಬಾಲ್ಕನಿಗೆ ಅಡ್ಡಲಾಗಿ ಬೋರ್ಡು ಹಾಕಿಸುತ್ತಾರೆಂದು ತಿಳಿದ ಐದು ನಿಮಿಷದ ಮೇಲೆ. ಅದಕ್ಕೆ ಹಿಂದೆ ಹದಿನಾಲ್ಕು ವರ್ಷ ಅದೇ ಕಟ್ಟಡದಲ್ಲಿದ್ದೆ. ಒಮ್ಮೆಯೂ ಅದನ್ನು ತಲೆಯೆತ್ತಿ ನೋಡಿರಲಿಲ್ಲ. ನೋಡಿದರೆ ಕಣ್ಣಿಗೆ ಸುಣ್ಣದ ಚಕ್ಕೆ ಬೀಳುತ್ತಿತ್ತು.

ನಮ್ಮದು ಗಿರಗಾಂವಿನ ಮೂರು ಮಾಳಿಗೆಯ ಹಳೆಯ ಮರದ ಬಿಲ್ಡಿಂಗು. ಮೊದಲ ಮಾಳಿಗೆಯಲ್ಲಿ ನಮಗೆ ಒಂದು ಕೋಣೆ, ಒಂದು ಅಡಿಗೆಮನೆ, ರಸ್ತೆಯ ಕಡೆಗೆ ಒಂದು ಬಾಲ್ಕನಿ. ಮುಂಬಯಿಯಲ್ಲಿ ಬಾಲ್ಕನಿಯನ್ನು ಬಾಲ್ಕನಿಯಾಗಿಯೇ ಬಿಟ್ಟವನನ್ನು ಕಂಡರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ನಾನೂ ಒಂದು ದಸರಾ ರಜೆಯಲ್ಲಿ ಪ್ಲೈವುಡ್ಡು, ತಗಡು, ಯಾರೋ ಎಸೆದ ಎರಡು ಕಿಟಕಿ ಇವನ್ನು ಸೇರಿಸಿ ಅದನ್ನು ಮುಚ್ಚಿ ಕೋಣೆ ಮಾಡಿಕೊಂಡಿದ್ದೆ. ಆರಡಿ ಉದ್ದ, ಮೂರಡಿ ಅಗಲ. ಒಂದು ಕುರ್ಚಿ, ಒಂದು ರೇಡಿಯೋ, ನಾನು. ಹೆಂಡತಿ ಶಾರದೆ, ಇಬ್ಬರು ಹೆಣ್ಣುಮಕ್ಕಳು, ಮೈಸೂರಿನಿಂದ ಬಂದವರು ವಾಪಸು ಹೋಗುವುದನ್ನು ಮರೆತ ನನ್ನ ಅತ್ತೆ, ಇವರೆಲ್ಲರ ನಡುವೆ ಈ ಭೂಮಂಡಲದಲ್ಲಿ ನನ್ನದೆಂದು ಇದ್ದ ಜಾಗ ಅದೊಂದೇ!

ಬೋರ್ಡು ಬಂದರೆ ಆ ಕೋಣೆಯ ಎರಡೂ ಕಿಟಕಿಗಳು ಮುಚ್ಚಿಹೋಗುತ್ತಿದ್ದವು.

ಶೆಟ್ಟರು ಕೆಟ್ಟವರಲ್ಲ. ವಿಷಯ ಹೇಳಲು ತಾವೇ ಮೇಲೆ ಬಂದರು, ಕೈಯಲ್ಲಿ ಬಿಸಿ ಗೋಳಿಬಜೆಯ ತಟ್ಟೆ ಹಿಡಿದು.

"ರಾಯರೆ, ವ್ಯಾಪಾರವೇ ಇಲ್ಲ ಮಾರಾಯ್ರೆ. ಎದುರಿನವ ಲೈಟಿನ ಬೋರ್ಡು ಹಾಕಿದ್ದಾನೆ, ಗಿರಾಕಿಗಳೆಲ್ಲ ದೀಪದ ಹುಳದ ಹಾಗೆ ಅಲ್ಲಿಗೇ ಹೋಗುದು. ಇನ್ನು ನಾನೂ ಹಾಕ್ತೇನೆ. ಆ ಹಳೇ ಕಲ್ಲಿನ ಮೇಜು, ಕನ್ನಡಿ ಎಲ್ಲ ಬಿಸಾಡಿ ಒಳಗೆ ಪೂರಾ ಸನ್‌ಮೈಕಾ."

"ಮತ್ತೆ ನನ್ನ ಗಾಳಿ?"

"ಬೇಕಾದ್ರೆ ಒಂದು ಬದಿಗೆ ಸರಿಸುವ. ಒಂದು ಕಿಟಕಿ ನಿಮಗೆ ಉಳೀತದೆ."

ಬುದ್ಧಿಯಿದ್ದವನು ಅಲ್ಲಿಗೇ ಗೋಳಿಬಜೆ ತಿಂದು ರಾಜಿಯಾಗುತ್ತಿದ್ದ. ನಾನು ಗೋಳಿಬಜೆ ಮಾತ್ರ ತಿಂದೆ.

ಏಕೆಂದರೆ ಆಗ ನಗರದ ಹಳೆಯ ಕಟ್ಟಡಗಳನ್ನು ಉಳಿಸಲು ಯಾವುದೋ ಸಮಿತಿ ಪಟ್ಟಿ ಮಾಡುತ್ತಿದೆ, ನಾಗರಿಕರು ಬರೆದು ತಿಳಿಸಬಹುದು ಎಂದು ಪೇಪರಿನಲ್ಲಿ ಓದಿದ್ದೆ. ಬರೆಯುವುದಕ್ಕೆ ನಾನೇನು ಹಿಂದೆ ಬಿದ್ದವನೇ? ಇಪ್ಪತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಪತ್ರ ತಿದ್ದಿದ ಕೈ! ನಾಲ್ಕು ಪುಟ ಟೈಪು ಮಾಡಿದೆ. ವಾಣಿಜ್ಯದ ದುರಾಸೆ ಹೇಗೆ ಸೌಂದರ್ಯವನ್ನು ನುಂಗುತ್ತಿದೆ ಎಂದು ಒಂದು ಪುಟ. ನಮ್ಮ ಬಾಲ್ಕನಿಯ ಮರದ ಕಟಕಟೆಯಲ್ಲಿ ಕೆತ್ತಿದ ಬಳ್ಳಿ, ಬಳ್ಳಿಯ ಮೇಲೆ ನವಿಲು, ಎಲ್ಲವೂ ಈ ಬೋರ್ಡಿನಿಂದ ಮರೆಯಾಗಲಿವೆ ಎಂದು ಒಂದೂವರೆ ಪುಟ. ಮಹಾಪುರುಷರೊಬ್ಬರು ಇಲ್ಲಿಂದಲೇ ಜನರಿಗೆ ಭಾಷಣ ಮಾಡಿದರೆಂದೂ ಸೇರಿಸಿದೆ.

"ಯಾರ್ರೀ ಆ ಮಹಾಪುರುಷರು?" ಎಂದಳು ಶಾರದೆ.

"ಇಷ್ಟು ವರ್ಷದಲ್ಲಿ ಯಾರಾದರೂ ಮಾಡಿಯೇ ಇರುತ್ತಾರೆ."

"ದಿನಾ ಅಲ್ಲಿ ನಿಂತು ಹಾಲಿನವನಿಗೆ ಭಾಷಣ ಮಾಡೋರು ನೀವೊಬ್ರೇ. ಸುಮ್ನೆ ಆ ಒಂದು ಕಿಟಕಿ ಇಟ್ಕೊಂಡು ಕೂತ್ಕೊಳ್ಳಬಾರ್ದೇನ್ರೀ?"

ಸ್ತ್ರೀಯರಿಗೆ ತತ್ತ್ವದ ಪ್ರಶ್ನೆ ಅರ್ಥವಾಗುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡು ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಮೂರು ವಾರಕ್ಕೆ ಸಮಿತಿಯವರು ಬಂದೇಬಿಟ್ಟರು. ಮೂವರು. ಮುಂದಾಳು ಕೈಮಗ್ಗದ ಸೀರೆ, ರೂಪಾಯಿಯಗಲ ಕುಂಕುಮದ ಒಬ್ಬ ಮಹಿಳೆ. ಮೊದಲು ಹೋಟೆಲಿಗೆ ನುಗ್ಗಿದರು. ಅಮೃತಶಿಲೆಯ ಮೇಜಿನ ಮೇಲೆ ಅಂಗೈಯಿಟ್ಟು ಆಕೆ ಕಣ್ಣು ಮುಚ್ಚಿದರು. ನಾವು ದೇವಸ್ಥಾನದಲ್ಲಿ ಮುಚ್ಚುತ್ತೇವಲ್ಲ, ಹಾಗೆ. ಗುಜರಿಯವನಿಗೆಂದು ಅರ್ಧ ಮೇಜುಗಳನ್ನು ಆಗಲೇ ಫುಟ್‌ಪಾತಿಗೆ ಎಳೆಸಿದ್ದ ಶೆಟ್ಟರು ಕ್ಷಣಾರ್ಧದಲ್ಲಿ ಗಾಳಿ ಬೀಸುವ ದಿಕ್ಕು ಅರಿತರು. ಮೇಜು ಹೊರಗಿಟ್ಟದ್ದು ತೊಳೆಯಲಿಕ್ಕೆ, ಅಜ್ಜನ ಕಾಲದ ಇವನ್ನು ಸತ್ತರೂ ಕೊಡೆ ಎಂದು ತಮ್ಮ ಹಿಂದಿಯಲ್ಲಿ ಸಾರಿದರು.

"ಅಜ್ಜಾ ಕೆ ಟೈಮ್ ಕಾ ಹೈ ಮೇಡಂ! ಬಾಹರ್ ಧೋನೇ ಕೋ ರಖಾ ಹೈ! ಮರ್ ಜಾಯೇಗಾ, ಲೇಕಿನ್ ಯೇ ನಹೀಂ ದೇಗಾ!"

ಆಮೇಲೆ ಅವರೆಲ್ಲ ಮೇಲೆ ಬಂದರು. ಆಕೆಯ ಕೈಯಲ್ಲಿ ನನ್ನ ಪತ್ರದ ಮೂರನೆಯ ಪುಟವಿತ್ತು. ನವಿಲೆಲ್ಲಿ ಎಂದು ಕೇಳಿದರು.

ಆಗ ನನಗೆ ನೆನಪಾಯಿತು. ನವಿಲು ನನ್ನ ಪ್ಲೈವುಡ್ಡಿನ ಹಿಂದಿತ್ತು!

ಆಕೆ ಸಂದಿಯಿಂದ ಟಾರ್ಚು ಬಿಟ್ಟು ನೋಡಿದರು. ನವಿಲು ಇತ್ತು. ಅದರ ಕುತ್ತಿಗೆಯಲ್ಲಿ ನಾಲ್ಕು ಇಂಚಿನ ಮೊಳೆಯೂ ಇತ್ತು. ಇಂಥ ಕೆಲಸ ಮಾಡಿದ ರಾಕ್ಷಸ ಯಾರು ಎಂದು ಆಕೆ ನಡುಗುವ ದನಿಯಲ್ಲಿ ಕೇಳಿದರು. ಹಿಂದಿನ ಬಾಡಿಗೆದಾರನ ಮೇಲೆ ಹಾಕಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಶಾರದೆ ಕಾಫಿ ತಂದಳು. ಬಂದವರು ಕೋಣೆಯನ್ನು ಮೆಚ್ಚುತ್ತಿದ್ದಾರೆಂದು ಅವಳ ಲೆಕ್ಕ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಅವಳು ನಾಲ್ಕು ಜನರೆದುರು ನನ್ನನ್ನು ಹೊಗಳಿದಳು.

"ಮೇರೇ ಹಸ್ಬೆಂಡ್ ನೇ ಖುದ್ ಬನಾಯಾ! ಕಾರ್ಪೆಂಟರ್ ಭೀ ನಹೀಂ ಬುಲಾಯಾ!"

ಬಡಗಿಯನ್ನೂ ಕರೆಯದೆ ಗಂಡ ತಾನೇ ಕಟ್ಟಿದನೆಂದು ಕೇಳಿ ಮೂವರೂ ನನ್ನ ಕಡೆ ತಿರುಗಿದರು. ಕಾಫಿ ಯಾರೂ ಕುಡಿಯಲಿಲ್ಲ.

ಸಮಿತಿಯ ವರದಿಯ ಪ್ರತಿ, ಜೊತೆಗೆ ನನ್ನ ಪತ್ರದ್ದೂ, ಮನೆಯ ಮಾಲಿಕ ಸೇಠಜಿಗೆ ಹೋಯಿತು. ಕಟ್ಟಡ ಅಮೂಲ್ಯ, ಹೋಟೆಲು ಅತ್ಯಮೂಲ್ಯ, ಮೊದಲ ಮಾಳಿಗೆಯ ಬಾಲ್ಕನಿಗೆ ಬಡಿದ ಪ್ಲೈವುಡ್ಡು ಒಂದು ಅಪಚಾರ, ಕೂಡಲೇ ತೆಗೆಯತಕ್ಕದ್ದು. ಹದಿನಾಲ್ಕು ಮಳೆಗಾಲ ಸೋರುವ ಸೂರು ನೋಡಲು ಬಾರದಿದ್ದ ಸೇಠಜಿ ನಾಲ್ಕೇ ದಿನಕ್ಕೆ ಇಬ್ಬರು ಬಡಗಿಗಳೊಂದಿಗೆ ಹಾಜರು!

"ಸೇಠಜಿ, ಥೋಡಾ ಟೈಮ್..." ಎಂದೆ.

"ಟೈಮ್ ಕೈಸಾ, ರಾವ್ ಸಾಹೇಬ್?" ಅವರು ಜೇಬಿನಿಂದ ನನ್ನದೇ ನಾಲ್ಕು ಪುಟ ತೆಗೆದು ಭಕ್ತಿಯಿಂದ ಹಣೆಗೊತ್ತಿಕೊಂಡರು. "ಆಪ್ ನೇ ಹೀ ತೋ ಲಿಖಾ. ಕ್ಯಾ ಲಿಖಾ ಹೈ! ಮೈಂ ತೋ ರೋ ಪಡಾ!"

ನಾನೇ ಬರೆದದ್ದನ್ನು ಓದಿ ಅವರು ಅತ್ತೇಬಿಟ್ಟರಂತೆ. ಮಧ್ಯಾಹ್ನದ ಹೊತ್ತಿಗೆ ನನ್ನ ಸಾಮ್ರಾಜ್ಯ ಫುಟ್‌ಪಾತಿನ ಮೇಲಿತ್ತು.

ಹೋಟೆಲಿನ ಫೋಟೋ ಪೇಪರಿನಲ್ಲಿ ಬಂತು. ಕಾಲೇಜಿನ ಹುಡುಗ ಹುಡುಗಿಯರು ಕಲ್ಲಿನ ಮೇಜಿನ ಮುಂದೆ ಕೂತು ಒಂದು ಚಹಾಕ್ಕೆ ಎರಡು ಗಂಟೆ ನಿಟ್ಟುಸಿರುಬಿಡತೊಡಗಿದರು. ಅವರ ಹಿಂದೆ ಹಸಿದವರೂ ಬಂದರು. ಸಮಿತಿಯವರೇ ಶೆಟ್ಟರಿಗೆ ಹಳೇ ಕಾಲದ ಅಕ್ಷರದ ಮರದ ಬೋರ್ಡೊಂದನ್ನು ಬರೆಸಿಕೊಟ್ಟರು. ಅದು ನನ್ನ ಕಿಟಕಿಗೆ ಒಂದಿಷ್ಟೂ ಅಡ್ಡ ಬರಲಿಲ್ಲ. ಬರಲು ಕಿಟಕಿ ಇರಲಿಲ್ಲ.

"ನಿಮ್ಮಿಂದ ಬದುಕಿದೆ ರಾಯರೆ," ಎಂದರು ಶೆಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಕಾರಣ ಬೇರೆ.

ತೆರೆದ ಬಾಲ್ಕನಿಯಲ್ಲಾದರೂ ಕೂರೋಣವೆಂದು ಕುರ್ಚಿ ಎತ್ತಿಕೊಂಡು ಬಂದೆ. ಅಷ್ಟರಲ್ಲಿ ಸಮಿತಿಯ ಇನ್ನೊಂದು ಕಾಗದ ಬಂತು. ಕಟಕಟೆಗೂ ತೊಲೆಗೂ ಹೊಡೆದ ಅರವತ್ತೆರಡು ಮೊಳೆಗಳಿಂದ ಮರ ಶಿಥಿಲವಾಗಿರುವುದರಿಂದ ಅದರ ಮೇಲೆ ಯಾವ ಭಾರವನ್ನೂ ಇಡಕೂಡದು, ಮನುಷ್ಯರೂ ನಿಲ್ಲಕೂಡದು.

ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿದ್ದಾರೆ. ಬೀಗದ ಕೈ ಸೇಠಜಿಯ ಹತ್ತಿರ ಇದೆ. ನಾನು ಪೇಪರನ್ನು ಅಡಿಗೆಮನೆಯಲ್ಲಿ ನಿಂತು ಓದುತ್ತೇನೆ.