ಬಲ ಮೊಣಕೈ ಎಲ್ಲಿರುತ್ತೆ?

ಈ ಸಂಗತಿಯನ್ನು ಹೇಳಬೇಕು ಹೇಳಬೇಕು ಎಂದುಕೊಂಡೇ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ಮೊದಲು ಶೇಂಗಾ ಸುಗ್ಗಿ ಮುಗಿಯಲಿ ಎಂದೆ. ಸುಗ್ಗಿ ಮುಗಿದ ಮೇಲೆ ಕಣ್ಣಿನ ಪೊರೆ ತೆಗೆಸುವುದಾಗಲಿ ಎಂದೆ. ಈಗ ಅದೂ ಆಗಿ, ಎದುರು ಮನೆಯ ಗೋಡೆಯ ಬಿರುಕಿನಿಂದ ಹಿಡಿದು ನನ್ನ ತಪ್ಪಿನವರೆಗೆ ಎಲ್ಲವೂ ಚೆನ್ನಾಗಿ ಕಾಣುತ್ತಿರುವುದರಿಂದ ನೆಪ ಯಾವುದೂ ಉಳಿದಿಲ್ಲ. ತಪ್ಪು ಎಂದ ಕೂಡಲೇ ಏನೋ ದೊಡ್ಡದನ್ನು ಊಹಿಸಿಕೊಳ್ಳಬೇಡಿ. ನಾನು ಮಾಡಿದ್ದು ಒಂದು ಪ್ರಶ್ನೆ ಕೇಳಿದ್ದು, ಅಷ್ಟೆ. ಅದೂ ಮೊಣಕೈಯ ಬಗ್ಗೆ. ಆದರೆ ಕೇಳಿದ ಹೊತ್ತು, ಕೇಳಿದ ಉದ್ದೇಶ ಎರಡೂ ಚೆನ್ನಾಗಿರಲಿಲ್ಲ.

ನಾನು ಗಾಲ್ಫ್ ಆಡುತ್ತೇನೆ. ಇದನ್ನೂ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಚಳ್ಳಕೆರೆಯಲ್ಲಿ ಗಾಲ್ಫ್ ಎಂದರೆ ಜನ ನನ್ನ ಮುಖವನ್ನಲ್ಲ, ನನ್ನ ಮಗನ ಮುಖವನ್ನು ನೋಡುತ್ತಾರೆ, ಅಪ್ಪನಿಗೆ ಯಾವಾಗಿನಿಂದ ಹೀಗೆ ಎಂಬಂತೆ. ಹತ್ತನೇ ತರಗತಿ ಮುಗಿಸಿದವನು ನೇರ ಎಣ್ಣೆ ಮಿಲ್ಲಿಗೆ ಬಂದು ಕೂತೆ. ಚೆಂಡಿಗೂ ನನಗೂ ಸಂಬಂಧ ಅಲ್ಲಿಗೇ ತೀರಿತ್ತು. ಅದನ್ನು ಮತ್ತೆ ಕೂಡಿಸಿದವರು ಕರ್ನಲ್ ಸಾಹೇಬರು. ಅವರು ಸೈನ್ಯದಿಂದ ನಿವೃತ್ತರಾಗಿ, ಕುದಾಪುರದ ಕಡೆ ಒಂದಿಷ್ಟು ಬಯಲು ಜಮೀನು ಕೊಂಡು, ಅದರಲ್ಲಿ ಏನನ್ನೂ ಬಿತ್ತದೆ ಅಲ್ಲಲ್ಲಿ ಕುಳಿ ತೋಡಿ ಬಾವುಟ ನೆಟ್ಟವರು. ಹುಲ್ಲು ಬೆಳೆಸಲು ನೀರಿಲ್ಲ. ಹಾಗಾಗಿ ಕುಳಿಯ ಸುತ್ತ ಮರಳು ಹಾಸಿ, ಅದು ಗಾಳಿಗೆ ಹಾರದಂತೆ ಎಣ್ಣೆ ಬೆರೆಸಿ ಗಟ್ಟಿ ಮಾಡುತ್ತಾರಂತೆ. ಎಣ್ಣೆ ಹುಡುಕಿಕೊಂಡು ನಮ್ಮ ಮಿಲ್ಲಿಗೆ ಬಂದರು. ನಾನು ಉದಾರ ಮನಸ್ಸಿನಿಂದ ತೊಟ್ಟಿಯ ತಳದ ಮಡ್ಡಿ ಎಣ್ಣೆ ಕಳಿಸಿದೆ. ಮರುದಿನವೇ ಬಯಲಿನ ಇರುವೆಗಳೆಲ್ಲ ಅಲ್ಲಿಗೆ ಬಂದವು, ಅವುಗಳ ಹಿಂದೆ ಅಳಿಲುಗಳು ಬಂದವು, ಆಮೇಲೆ ನಾಯಿಗಳು ಬಂದು ಕುಳಿಯ ಸುತ್ತ ನೆಕ್ಕಿ ನೆಕ್ಕಿ ಕನ್ನಡಿ ಮಾಡಿಟ್ಟವು. ಕೊನೆಗೆ ಗ್ಯಾರೇಜಿನ ಮಸ್ತಾನ್ ಸಾಬರು ಲಾರಿಗಳಿಂದ ಇಳಿಸಿದ ಕರೀ ಎಣ್ಣೆ ತಂದು ಸುರಿದ ಮೇಲೆ ಆಟ ಶುರುವಾಯಿತು. ಎಣ್ಣೆ ಕೊಟ್ಟ ಋಣಕ್ಕೆ ನಮ್ಮಿಬ್ಬರನ್ನೂ ಸಾಹೇಬರು ಆಟಗಾರರನ್ನಾಗಿ ಮಾಡಿದರು.

ಆಟ ನೋಡಲು ಬಹಳ ಸುಲಭ. ಚೆಂಡು ಓಡುವುದಿಲ್ಲ, ಎದುರಾಳಿ ತಡೆಯುವುದಿಲ್ಲ, ಯಾರೂ ಅವಸರ ಮಾಡುವುದಿಲ್ಲ. ಅದೇ ಕಷ್ಟ. ಅಷ್ಟೊಂದು ಪುರುಸೊತ್ತು ಸಿಕ್ಕಿದರೆ ತಲೆ ಸುಮ್ಮನೆ ಇರುತ್ತದೆಯೇ? ಕೋಲು ಹಿಡಿದು ಚೆಂಡಿನ ಮುಂದೆ ನಿಂತೆನೆಂದರೆ ನನ್ನ ತಲೆ ಸಂತೆಯಾಗುತ್ತದೆ. ಎಡಗೈ ನೆಟ್ಟಗೆ ಇರಲಿ, ಮಂಡಿ ಸ್ವಲ್ಪ ಬಗ್ಗಲಿ, ತಲೆ ಅಲ್ಲಾಡಬಾರದು, ಭುಜ ತಿರುಗಬೇಕು ಎಂದು ಸಾಹೇಬರು ಹೇಳಿಕೊಟ್ಟವೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅವುಗಳ ನಡುವೆ ನುಗ್ಗಿಕೊಂಡು ಮಿಲ್ಲಿನ ಬೆಲ್ಟು ಬದಲಿಸಿದರೋ ಇಲ್ಲವೋ, ಮಧ್ಯಾಹ್ನಕ್ಕೆ ಏನು ಸಾರು, ನನ್ನಿವಾಳದ ಬೀಗರು ಕಳೆದ ಸಲ ಯಾಕೆ ಮುಖ ಕೊಟ್ಟು ಮಾತಾಡಲಿಲ್ಲ ಎಂಬವೂ ಬರುತ್ತವೆ. ಇವರೆಲ್ಲರನ್ನೂ ಸಮಾಧಾನ ಮಾಡಿ ಕೋಲು ಬೀಸುವ ಹೊತ್ತಿಗೆ ಚೆಂಡು ಇದ್ದಲ್ಲೇ ಇದ್ದು, ಒಂದು ಹೆಂಟೆ ಮಣ್ಣು ಹಾರಿರುತ್ತದೆ.

ಸಾಹೇಬರು ಇದಕ್ಕೊಂದು ಮದ್ದು ಹೇಳಿದರು. ಬೀಸುವಾಗ ತಲೆಯಲ್ಲಿ ಒಂದೇ ಒಂದು ಯೋಚನೆ ಇರಬೇಕು. ದೊಡ್ಡ ಆಟಗಾರರು ಅದಕ್ಕೆ ಸ್ವಿಂಗ್ ಥಾಟ್ ಎನ್ನುತ್ತಾರೆ. ಆ ಒಂದು ಯೋಚನೆ ಬಾಗಿಲು ಕಾಯುವವನ ಹಾಗೆ, ಉಳಿದವನ್ನು ಒಳಗೆ ಬಿಡುವುದಿಲ್ಲ ಎಂದರು. ನನಗೆ ಇದು ಹಿಡಿಸಿತು. ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುವ ಮನೆತನ ನಮ್ಮದು, ಒಂದೇ ಯೋಚನೆಗೆ ಬರವೇ? ಪಂಚಾಕ್ಷರಿಯನ್ನೇ ಇಟ್ಟುಕೊಂಡೆ. ಕೋಲು ಎತ್ತುತ್ತ ‘ನಮಃ’ ಎಂದರೆ, ‘ಶಿ’ ಎನ್ನುವಷ್ಟರಲ್ಲಿ ಚೆಂಡು ಜಾಲಿಗಿಡದ ಬುಡದಲ್ಲಿರುತ್ತಿತ್ತು. ‘ವಾಯ’ವನ್ನು ಅದನ್ನು ಹುಡುಕುತ್ತ ಹೇಳಿ ಮುಗಿಸುತ್ತಿದ್ದೆ. ಮಸ್ತಾನ್ ಸಾಬರಿಗೂ ತಮ್ಮದೇ ಒಂದು ಯೋಚನೆ ಇತ್ತು. ಕೇಳಿದರೆ, ಕ್ಲಚ್ ಬಿಡೋ ಹಂಗೆ ನಿಧಾನಕ್ಕೆ ಬಿಡ್ತೀನಿ ಅಷ್ಟೇ ಅನ್ನುತ್ತಿದ್ದರು. ಅವರ ಚೆಂಡೂ ಹಳೇ ಲಾರಿಯ ಹಾಗೆ ಸ್ವಲ್ಪ ಎಡಕ್ಕೆ ಎಳೆಯುತ್ತಿದ್ದರೂ ಊರು ಸೇರುತ್ತಿತ್ತು.

ಇನ್ನು ನಮ್ಮ ಮನೆಯವಳ ವಿಷಯ. ಅವಳ ತವರು ಮೊಳಕಾಲ್ಮುರು. ಅವಳನ್ನು ನಾನು ‘ಇವಳೇ’ ಎನ್ನುತ್ತೇನೆ, ಬೇರೆಯವರ ಮುಂದೆ ‘ಮಂಜನ ಅವ್ವ’ ಎನ್ನುತ್ತೇನೆ. ಅವಳು ನನಗೆ ‘ರೀ’ ಎನ್ನುತ್ತಾಳೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವುದಿಲ್ಲ. ಮದುವೆಯ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಎಂದಾಗ ಇಬ್ಬರೂ ಒಂದೊಂದು ಸಲ ಹೇಳಿದ್ದೆವು. ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಹೇಳಿದಳೋ ಇಲ್ಲವೋ ಎಂದು ನಮ್ಮ ಅತ್ತೆ, ದೊಡ್ಡಮ್ಮ ಬಾಗಿಲಲ್ಲೇ ವಾದಕ್ಕೆ ನಿಂತಿದ್ದರು. ಆಮೇಲೆ ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದಾಗ ‘ಹೊರಗೆ ಬೋರ್ಡಲ್ಲಿ ಐತೆ, ಓದ್ಕಳ್ರಿ’ ಎಂದವಳು ಇವಳು. ಬೋರ್ಡಿನಲ್ಲಿ ಐತೆ ನಿಜ: ಚನ್ನಬಸಪ್ಪ, ಎಣ್ಣೆ ಮತ್ತು ಹಿಂಡಿ ವ್ಯಾಪಾರಿಗಳು.

ಅವಳು ಭಾನುವಾರ ನಮಗೆ ತಿಂಡಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ದಿನ ಸಾಹೇಬರು ಸೌಜನ್ಯಕ್ಕೆ, ನೀವೂ ಒಂದು ಹೊಡೆಯಿರಿ ಅಮ್ಮ ಎಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಕೋಲನ್ನು ಮೇಲೆತ್ತಿ ಇಳಿಸಿದಳು. ಟಪ್ ಎಂದು ಒಂದೇ ಸದ್ದು. ಚೆಂಡು ನೇರವಾಗಿ ಹೋಗಿ ಬಾವುಟದ ಹತ್ತಿರ ಬಿತ್ತು. ನನಗೆ ಕೈಕಾಲು ಹೇಗೆ ಇಡಬೇಕೆಂದು ವರ್ಷವಿಡೀ ಹೇಳಿಕೊಟ್ಟಿದ್ದ ಸಾಹೇಬರು ಅವಳಿಗೆ ಏನನ್ನೂ ಹೇಳಿಕೊಡಲಿಲ್ಲ. ಹೇಳಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಸುಮ್ಮನೆ ಕೈಕಟ್ಟಿ ನಿಂತರು. ಹೊಡೆಯುವಾಗ ಏನು ಯೋಚನೆ ಮಾಡ್ತೀಯಾ ಎಂದು ದಾರಿಯಲ್ಲಿ ಕೇಳಿದೆ. ಏನೋ ಒಂದು ಅಂದ್ಕೋತೀನಿ ಎಂದಳು. ಅದೇನು ಎಂದೆ. ಗಾಡಿ ನೋಡ್ಕಂಡು ಓಡಿಸ್ರಿ ಎಂದಳು.

ಅಲ್ಲಿಂದ ಪ್ರತಿ ಭಾನುವಾರ ಅವಳು ಆಡಿದಳು. ತಿಂಡಿಯ ಡಬ್ಬಿ ನನ್ನ ಕೈಗೆ ಬಂತು. ಅವಳು ಬೆಳಿಗ್ಗೆ ಬೇಗ ಎದ್ದು, ಮಂಡಿನೋವು ಮರೆತು, ನನಗಿಂತ ಮೊದಲು ಕಾರಿನ ಹತ್ತಿರ ನಿಂತಿರುತ್ತಿದ್ದಳು. ಮನೆ, ಮಿಲ್ಲಿನ ಆಳುಗಳ ಊಟ, ಮಕ್ಕಳು, ಮೊಮ್ಮಕ್ಕಳು ಎಂದು ಇಷ್ಟು ವರ್ಷ ಕಳೆದವಳಿಗೆ ತನ್ನದೇ ಎನ್ನುವ ಒಂದು ಸಂತೋಷ ಸಿಕ್ಕಿತ್ತು. ಅದು ನನಗೆ ಕಾಣುತ್ತಿತ್ತು. ಕಾಣುತ್ತಿತ್ತು ಎಂಬುದಕ್ಕೇ ನನ್ನ ತಪ್ಪು ದೊಡ್ಡದು.

ದಾವಣಗೆರೆಯಿಂದ ಸಾಹೇಬರ ಗೆಳೆಯರು ಪಂದ್ಯಕ್ಕೆ ಬರುವುದೆಂದಾಯಿತು. ನಮ್ಮ ಕಡೆಯಿಂದ ಮೂವರು ಆಡಬೇಕು. ಸಾಹೇಬರು, ಮಸ್ತಾನ್ ಸಾಬರು, ಮಂಜನ ಅವ್ವ. ಸಾವ್ಕಾರ್ರು ಎಕ್ಸ್‌ಟ್ರಾದಲ್ಲಿ ಇರ್ಲಿ, ಸ್ಟೆಪ್ನಿ ಇದ್ದಂಗೆ ಎಂದು ಮಸ್ತಾನ್ ಸಾಬರು ನಕ್ಕರು. ನಾನೂ ನಕ್ಕೆ. ಆದರೆ ಸ್ಟೆಪ್ನಿ ಉಪಯೋಗಕ್ಕೆ ಬರಬೇಕಾದರೆ ಯಾವುದಾದರೂ ಒಂದು ಚಕ್ರ ಪಂಚರ್ ಆಗಬೇಕಲ್ಲ ಎಂಬ ಯೋಚನೆ ಆವತ್ತಿನಿಂದ ನನ್ನ ತಲೆಯೊಳಗೆ ಕೂತಿತು. ಮಿಕ್ಕ ಯಾವ ಯೋಚನೆಯೂ ಅಷ್ಟು ಗಟ್ಟಿಯಾಗಿ, ಒಂಟಿಯಾಗಿ ಅಲ್ಲಿ ನಿಂತದ್ದಿಲ್ಲ.

ಪಂದ್ಯದ ಬೆಳಿಗ್ಗೆ ಕಾರಿನಿಂದ ಇಳಿಯುವಾಗ ಕೇಳಿಬಿಟ್ಟೆ. “ಅಲ್ಲ ಇವಳೇ, ಕೋಲು ಮೇಲೆತ್ತಿದಾಗ ನಿನ್ ಬಲ ಮೊಣಕೈ ಎಲ್ಲಿರುತ್ತೆ? ಯಾವತ್ತಾದ್ರೂ ನೋಡ್ಕಂಡಿದೀಯಾ?”

ಅವಳು ತನ್ನ ಮೊಣಕೈಯನ್ನು, ಈಗಷ್ಟೇ ಯಾರೋ ತಂದು ಕೊಟ್ಟರು ಎಂಬಂತೆ ನೋಡಿಕೊಂಡಳು. ಇಲ್ಲಲ್ರೀ ಎಂದಳು. ಅಷ್ಟೇ. ಮೊದಲ ಹೊಡೆತಕ್ಕೆ ಕೋಲು ಎತ್ತಿದವಳು ಮೇಲೆಯೇ ನಿಲ್ಲಿಸಿ ಮೊಣಕೈಯ ಕಡೆ ಓರೆಗಣ್ಣು ಹಾಯಿಸಿದಳು. ಚೆಂಡು ಕಾಲಬುಡದಲ್ಲೇ ಹೊರಳಿತು. ಎರಡನೆಯದು ಕಲ್ಲಿಗೆ ಬಡಿದು ಹಿಂದಕ್ಕೆ ಬಂತು. ಬಂದವರಲ್ಲಿ ಯಾರೋ ಕಿಸಕ್ಕೆಂದರು. ಅವಳು ಕೋಲನ್ನು ಮೆಲ್ಲಗೆ ನೆಲದ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, “ನಂಗ್ಯಾಕೋ ಆಗಲ್ಲ ಸಾಹೇಬ್ರೇ, ಬ್ಯಾಡ” ಎಂದಳು. ಬಿಸಿಲಿಗೆ ಹೀಗಾಗಿದೆ ಎಂದು ಸಾಹೇಬರು ನೀರು ತರಿಸಿದರು. ಅವಳ ಬದಲಿಗೆ ನಾನು ಇಳಿದೆ. ಹೇಗೆ ಆಡಿದೆ ಎಂದು ಕೇಳಬೇಡಿ. ಸೋತೆವು ಎಂದರೆ ಸಾಹೇಬರು ಇವತ್ತಿಗೂ ಆ ಮಾತು ಬಹಳ ಮೆದುವಾಯಿತು ಎನ್ನುತ್ತಾರೆ.

ಮುಂದಿನ ಭಾನುವಾರ ಅವಳು ಡಬ್ಬಿ ಕಟ್ಟಿ ಕೊಟ್ಟಳು, ಕಾರು ಹತ್ತಲಿಲ್ಲ. ಅದರ ಮುಂದಿನ ವಾರವೂ ಅಷ್ಟೇ. ತಪ್ಪಾಯ್ತು ಎನ್ನಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋಗುತ್ತಿದ್ದೆ. ‘ಏನ್ರೀ?’ ಎಂದಳೆಂದರೆ ಬಾಯಿಂದ ‘ಒಂದ್ ಲೋಟ ನೀರು’ ಎಂದು ಬರುತ್ತಿತ್ತು. ಆ ದಿನಗಳಲ್ಲಿ ನಾನು ಕುಡಿದಷ್ಟು ನೀರನ್ನು ನಮ್ಮ ಮನೆಯಲ್ಲಿ ಯಾರೂ ಕುಡಿದಿಲ್ಲ. ನೀರಿನಿಂದ ಆಗದೆ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಂದೆ, ಮಲ್ಲಿಗೆ ತಂದೆ, ಕೊನೆಗೆ ಒಂದು ರೇಷ್ಮೆ ಸೀರೆಯನ್ನೇ ತಂದೆ. ಮೊಳಕಾಲ್ಮುರಿನಲ್ಲಿ ಮಗ್ಗದ ಪಕ್ಕ ಆಡಿ ಬೆಳೆದವಳು ಅವಳು. ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ, ಯಾರು ಟೋಪಿ ಹಾಕಿದ್ರು ನಿಮಗೆ ಎಂದು ಕೇಳಿ ಒಳಗಿಟ್ಟಳು. ಬಯಲಿಗೆ ಹೋದರೆ ನನಗೂ ಹೊಡೆಯಲಾಗುತ್ತಿರಲಿಲ್ಲ. ಕೋಲು ಎತ್ತಿದ ಕೂಡಲೇ ಅವಳು ಚಪ್ಪಲಿ ಬಿಡುತ್ತಿದ್ದ ಜಾಗವೇ ಕಾಣುತ್ತಿತ್ತು.

ಅವಳ ತಮ್ಮನ ಮನೆಯಲ್ಲಿ ಸೀಮಂತವಿತ್ತೆಂದು ಮೊಳಕಾಲ್ಮುರಿಗೆ ಹೋದೆವು. ಆ ಮನೆಯಲ್ಲಿ ಅರ್ಧ ಮಾತು ತೆಲುಗು. “ಏಂ ಬಾವಾ, ಅಕ್ಕ ಆಟ ಬಿಟ್ಲಂತೆ?” ಎಂದು ಅವನು ಎಲ್ಲರ ಮುಂದೆ ಕೇಳಿದ. ನನ್ನ ಗಂಟಲಲ್ಲಿ ಹೋಳಿಗೆ ನಿಂತಿತು. ಅವಳೇ, ನಂಗೆ ಕೈನೋವು ಕಣೋ, ಅವ್ರೇನು ಮಾಡ್ತಾರೆ ಎಂದು ಅವನ ಬಾಯಿ ಮುಚ್ಚಿಸಿದಳು. ಬೈದಿದ್ದರೆ ಹೋಳಿಗೆ ಇಳಿಯುತ್ತಿತ್ತೇನೋ.

ವಾಪಸು ಬರುವಾಗ ಸ್ವಲ್ಪ ಸುತ್ತಾದರೂ ಸಿದ್ದಾಪುರದ ಕಡೆ ಕಾರು ತಿರುಗಿಸಿದೆ. ಯಾವ ಕಾಲದಲ್ಲೋ ರಾಜನೊಬ್ಬ ಅಲ್ಲಿನ ಬಂಡೆಯ ಮೇಲೆ ಒಳ್ಳೆಯ ಮಾತು ಕೆತ್ತಿಸಿದ್ದಾನೆ. ತಾಯಿತಂದೆಯ ಮಾತು ಕೇಳಬೇಕು, ನಿಜ ಹೇಳಬೇಕು ಎಂದೆಲ್ಲ ಇದೆಯೆಂದು ಶಾಲೆಯಲ್ಲಿ ಓದಿದ ನೆನಪು. ಹೆಂಡತಿಯ ಹತ್ತಿರ ತಪ್ಪಾಯ್ತು ಅನ್ನಬೇಕು ಎಂದು ಇದ್ದ ನೆನಪಿಲ್ಲ. ಆದರೂ ನಿಜ ಹೇಳಬೇಕು ಎಂಬುದರಲ್ಲೇ ಅದೂ ಬರುತ್ತದಲ್ಲ ಎಂದು ಧೈರ್ಯ ತಂದುಕೊಳ್ಳಲು ಒಬ್ಬನೇ ಬಂಡೆಯವರೆಗೆ ಹೋಗಿ ಬಂದೆ. ಬರುತ್ತಿರುವಾಗ ನೋಡುತ್ತೇನೆ, ಅವಳು ಕಾರಿನ ಆಚೆ, ಯಾರೂ ಇಲ್ಲವೆಂದುಕೊಂಡು, ಒಂದು ಒಣ ಜಾಲಿಕೋಲು ಹಿಡಿದು ಬೆಣಚುಕಲ್ಲಿನ ಮುಂದೆ ನಿಂತಿದ್ದಾಳೆ. ಚಪ್ಪಲಿ ಪಕ್ಕದಲ್ಲಿದೆ. ತುಟಿ ಅಲ್ಲಾಡಿತು. ಕೋಲು ಎದ್ದಿತು, ಇಳಿಯಿತು. ಕಲ್ಲು ಕುರಿಗಳ ಹಿಂಡಿನ ಪಕ್ಕದಿಂದ ಹಾದು ಆಚೆಯ ಗುಡ್ಡದ ಬುಡಕ್ಕೆ ಹೋಯಿತು.

“ಈಗ ಏನಂದ್ಕೊಂಡೆ?” ಎಂದೆ.

ಅವಳು ಬೆಚ್ಚಿ ಕೋಲು ಬಿಟ್ಟಳು. “ಹೇಳಬಾರದ್ದು.”

“ಅಂಥದ್ದೇನು?”

“ನಿಮ್ ಹೆಸ್ರು ಕಣ್ರೀ.” ಮುಖ ಆಚೆ ತಿರುಗಿಸಿದಳು. “ಬಾಯಲ್ಲಿ ಹೇಳಂಗಿಲ್ಲ, ಮನಸ್ನಾಗೆ ಹೇಳಿದ್ರೆ ಯಾರು ಕೇಳ್ತಾರೆ? ಎತ್ತೋವಾಗ ಅರ್ಧ, ಹೊಡೆಯೋವಾಗ ಅರ್ಧ.”

ಎತ್ತುವಾಗ ಚನ್ನ, ಹೊಡೆಯುವಾಗ ಬಸಪ್ಪ. ನಾನು ಗುಡ್ಡದ ಕಡೆ ನೋಡಿದೆ. ನನ್ನ ಹೆಸರು ಅಷ್ಟು ದೂರ ಹೋದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

“ಮತ್ತೆ ಆವತ್ತು?” ಎಂದೆ, ಕೇಳಬಾರದಿತ್ತು.

“ಆವತ್ತು ಮೊಣಕೈ ಬಂದು ಕೂತಿತ್ತಲ್ಲ. ನಿಮಗೆ ಜಾಗ ಎಲ್ಲೈತೆ?” ಎಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಕಡೆ ನೋಡದೆ, “ಬೇಕಂತಾನೇ ತಂದು ಕೂರಿಸಿದ್ರಿ ಅಂತ ನಂಗೊತ್ತು. ನಡೀರಿ, ಬಿಸ್ಲು” ಎಂದಳು.

ನಿಜ ಹೇಳುವ ಕೆಲಸ ಅಲ್ಲಿಗೆ ಮುಗಿಯಿತು, ಅವಳೇ ಹೇಳಿಬಿಟ್ಟಿದ್ದಳು. ತಪ್ಪಾಯ್ತು ಎನ್ನುವುದೊಂದು ಉಳಿಯಿತು. ಚಳ್ಳಕೆರೆ ಮುಟ್ಟುವವರೆಗೆ ಅದು ನಾಲಿಗೆಯ ತುದಿಯಲ್ಲೇ ಕೂತು ಬಂತು. ಇಳಿಯಲಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿ, ಭಾನುವಾರ ಬರ್ತೀಯಾ ಎಂದಷ್ಟೇ ಕೇಳಿದೆ. ಡಬ್ಬಿ ನೀವು ಹಿಡ್ಕಂತೀರಾ ಎಂದಳು. ಹಿಡ್ಕಂತೀನಿ ಎಂದೆ.

ಮೊನ್ನೆ ಭಾನುವಾರ ಬಂದಳು. ಮೊದಲ ಸರದಿ ನನ್ನದಿತ್ತು. ನಾನೂ ತಲೆಯಲ್ಲಿ ಒಂದೇ ಯೋಚನೆ ಇಟ್ಟುಕೊಂಡೆ, ಎತ್ತುವಾಗ ಅರ್ಧ, ಹೊಡೆಯುವಾಗ ಅರ್ಧ. ಚೆಂಡು ಬಹಳ ದೂರವೇನೂ ಹೋಗಲಿಲ್ಲ, ಆದರೆ ಹೋದಷ್ಟು ದೂರ ನೆಟ್ಟಗೆ ಹೋಯಿತು. ಮಸ್ತಾನ್ ಸಾಬರು ಹತ್ತಿರ ಬಂದು, “ಅರೆ ಸಾವ್ಕಾರ್ರೇ, ಇವತ್ತು ಇಂಜಿನ್ನಿಗೆ ಏನು ಹಾಕಿದೀರಿ?” ಎಂದರು. ಹೇಳಬಾರದ್ದು ಎಂದೆ. ಮುಂದೆ ಯಾರು ಹೊಡೆಯುವವರು ಎಂದು ಸಾಹೇಬರು ಬಾವುಟದ ಹತ್ತಿರದಿಂದ ಕೂಗಿ ಕೇಳಿದರು. ‘ಇವಳು’ ಎನ್ನಬೇಕು, ಅಭ್ಯಾಸ. ಆದರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲವಲ್ಲ, ಇದ್ದದ್ದೇ ಬಾಯಿಗೆ ಬಂತು. ಮದುವೆಯ ದಿನದ ಬಾಗಿಲಲ್ಲಿ ಹೇಳಿದ ಮೇಲೆ ಮೊದಲ ಸಲ, ಇಡೀ ಬಯಲಿಗೆ ಕೇಳುವಂತೆ ಅವಳ ಹೆಸರು ಹೇಳಿದೆ.

ಅವಳು ಆಗಲೇ ಕೋಲು ಎತ್ತಿದ್ದಳು. ಕೋಲು ಗಾಳಿಯನ್ನಷ್ಟೇ ಹೊಡೆದು ಒಂದು ಸುತ್ತು ತಿರುಗಿತು. ಚೆಂಡು ಇದ್ದಲ್ಲೇ ಇತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಹುಡುಗಿಯ ಹಾಗೆ, ನಿಲ್ಲಿಸಲಾಗದೆ. “ಸುಮ್ನಿರ್ರಿ ಸ್ವಲ್ಪ” ಎಂದು ನನ್ನನ್ನು ಗದರಿಸಿ ಮತ್ತೆ ನಿಂತಳು. ತುಟಿ ಅಲ್ಲಾಡಿತು. ಈ ಸಲ ಟಪ್ ಎಂದಿತು. ನಾನು ಮತ್ತೊಮ್ಮೆ ಬಹಳ ದೂರ ಹೋಗಿ ಬಾವುಟದ ಹತ್ತಿರ ಬಿದ್ದೆ.

ಅಂತೂ ಅವಳ ಏಕಾಗ್ರತೆಯನ್ನು ನಾನು ಎರಡು ಸಲ ಕೆಡಿಸಿದಂತಾಯಿತು, ಒಮ್ಮೆ ಬೇಕೆಂದೇ, ಒಮ್ಮೆ ಗೊತ್ತಿಲ್ಲದೆ. ಎದುರಿಗೆ ಹೇಳಹೋದರೆ ಇವತ್ತೂ ನೀರು ಕೇಳಿಬಿಡುತ್ತೇನೆ, ನನಗೆ ಗೊತ್ತು. ಅವಳು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಅಚ್ಚಾದದ್ದನ್ನೆಲ್ಲ ಓದುವವಳು. ಇದನ್ನೂ ಓದುತ್ತಾಳೆ. ಎರಡಕ್ಕೂ ಸೇರಿ ಇಲ್ಲೇ ಹೇಳುತ್ತೇನೆ: ತಪ್ಪಾಯ್ತು, ಗಿರಿಜಮ್ಮ.