ಅರವತ್ತು ದಾಟದವರ ತಾಲ್ಲೂಕು

ಮದ್ದೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ನಗು ತಾನೇ ಬಸ್ಸಿಳಿದು ನೇರ ನನ್ನ ಮೇಜಿಗೆ ಬರುತ್ತಿತ್ತು. ಎಪ್ಪತ್ತರ ದಶಕದ ಒಂದು ಮಳೆಗಾಲ ಹೊಳೆ ಉಕ್ಕಿ ಮನೆ, ಕೊಟ್ಟಿಗೆ, ದನ ಎಲ್ಲ ಕೊಚ್ಚಿಕೊಂಡು ಹೋದಾಗ ಸರ್ಕಾರ ಸಾಲ ಕೊಡಲು ಹೊರಟಿತು. ಅರವತ್ತು ದಾಟಿದವರಿಗೆ ಮಾತ್ರ ಇಲ್ಲ ಅಂತ ಷರತ್ತು. ಅವತ್ತಿನಿಂದ ನಮ್ಮ ತಾಲ್ಲೂಕಿನಲ್ಲಿ ಮುದುಕರೇ ಇಲ್ಲವಾದರು.

ಅಪ್ಪ, ಮಗ

ಒಬ್ಬ ರೈತ ಮಗನನ್ನೂ ಕರೆದುಕೊಂಡು ಬಂದ. ವಯಸ್ಸು ಕೇಳಿದೆ, ಐವತ್ತೆರಡು ಅಂದ. ಮಗನನ್ನು ಕೇಳಿದೆ, ಅವನೂ ಐವತ್ತೆರಡು ಅಂದ.

"ಅದು ಹೆಂಗಯ್ಯಾ?" ಅಂದೆ.

ಅಪ್ಪ ನನ್ನ ಬಿಟ್ಟು ಮಗನ ಕಡೆ ತಿರುಗಿದ. "ನಾನ್ ಇಳಿಸ್ಕೊಂಡ್ ಮ್ಯಾಕೆ ನೀನೂ ಇಳಿಸ್ಕೋಬೇಕು ತಾನೆ? ಅಷ್ಟೂ ಗ್ಯಾನ ಬ್ಯಾಡ್ವೇನ್ಲಾ?"

ಹಲ್ಲು

ಈ ಕಾಟ ತಾಳಲಾರದೆ ನಮ್ಮ ತಹಸೀಲ್ದಾರ್ ಸಾಹೇಬರು ಸರ್ಕಾರಿ ಡಾಕ್ಟರನ್ನೇ ಕರೆಸಿದರು. ಡಾಕ್ಟರು ಒಬ್ಬ ಅಜ್ಜನ ಬಾಯಿ ತೆಗೆಸಿ ನೋಡಿದರೆ ಹಲ್ಲೆಲ್ಲ ಗಟ್ಟಿ, ಒಂದೂ ಸವೆದಿಲ್ಲ. "ಐವತ್ತು ಇರಬಹುದು" ಅಂದುಬಿಟ್ಟರು. ಅಜ್ಜ ಮೆಟ್ಟಿಲಿಳಿಯುವಾಗ ನಾನು ಮೆಲ್ಲಗೆ ಗುಟ್ಟೇನು ಅಂತ ಕೇಳಿದೆ.

"ದಿನಾ ಮುದ್ದೆ ನುಂಗೋ ಬಾಯಿ ಸ್ವಾಮಿ. ಹಲ್ಗೆ ಏನ್ ಕೆಲ್ಸ ಐತೆ, ಸವೆಯಾಕೆ?"

ಸೂಲಗಿತ್ತಿ

ಬೆಸಗರಹಳ್ಳಿ ಕಡೆಯ ಒಬ್ಬ ಅಜ್ಜಿ ಮಾತ್ರ ಸುಳ್ಳು ಹೇಳಲಿಲ್ಲ. ಹರೆಯದಲ್ಲಿ ತವರೂರು ಮಳವಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು. ಈಗ ಹಾಲು ಮಾರಿ ಬದುಕುತ್ತಿದ್ದಳು, ಇದ್ದ ಎರಡು ಹಸುವೂ ಹೊಳೆಪಾಲಾಗಿದ್ದವು. ಸಾಲ ಸಿಗದಿದ್ದರೆ ಮುದುಕಿಗೆ ಊಟಕ್ಕೇ ಗತಿ ಇಲ್ಲ. ನನಗೇ ಅಯ್ಯೋ ಅನ್ನಿಸಿ, "ಐವತ್ತೊಂಬತ್ತು ಅನ್ನಜ್ಜಿ" ಅಂತ ಪಿಸುಗುಟ್ಟಿದೆ.

"ಎಪ್ಪತ್ತೈದರ ಮ್ಯಾಲಾಯ್ತು ಬುದ್ಧಿ" ಅಂದಳು ಸಾಹೇಬರಿಗೆ.

"ಹಾಗಾದ್ರೆ ಸಾಲ ಇಲ್ಲ, ಹೋಗಮ್ಮ."

ಅಜ್ಜಿ ಅವರ ಮುಖವನ್ನೇ ದಿಟ್ಟಿಸಿದಳು. "ಮಳವಳ್ಳಿ ಮೇಷ್ಟ್ರ ಮಗ ಅಲ್ವಾ ನೀನು? ತಿದ್ದಿ ತೀಡಿದಂಗೆ ಅಪ್ಪನ ಮೊಕವೇ ಬಂದದೆ. ನಿನ್ನ ಎರಿಗೆ ಮಾಡ್ಸಿದ್ದು ನಾನೇ ಕಣಪ್ಪ. ಐವತ್ತೇಳು ವರ್ಸ ಆಗೋಯ್ತು ನೋಡು."

ಆಗ ಸರ್ಕಾರಿ ನೌಕರರಿಗೆ ಐವತ್ತೈದಕ್ಕೇ ನಿವೃತ್ತಿ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ವಯಸ್ಸು ಇಳಿಸಿ ಬರೆಸುವುದು ಎಲ್ಲ ಕಡೆ ಮಾಮೂಲಾಗಿತ್ತು. ಆ ದಾಖಲೆಯ ಲೆಕ್ಕದಲ್ಲಿ ನಮ್ಮ ಸಾಹೇಬರಿಗೆ ಇನ್ನೂ ಐವತ್ತನಾಲ್ಕು.

ಸಾಹೇಬರು ಬೆವರೊರೆಸಿಕೊಂಡರು. "ಅಜ್ಜಿಗೆ ಅರಳುಮರಳು ಕಣ್ರೀ. ಐವತ್ತೊಂಬತ್ತು ಅಂತ ಬರ್ಕೊಂಡು ಸಾಲ ಕೊಡಿಸಿ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಸಾರ್, ಹಾಗಾದ್ರೆ ನಿಮ್ಮ ಹೆರಿಗೆ ಮಾಡಿಸಿದಾಗ ಅಜ್ಜಿಗೆ ಐದೇ ವರ್ಷ" ಅಂದೆ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹೇಳಿದರು, "ಹೌದ್ರೀ. ಆಗಿನ ಮಕ್ಕಳು ಭಾರೀ ಚುರುಕು."